ಚದುರಂಗದಲ್ಲಿ ಗೆಲ್ಲಿಸುವುದು ಜಾಣತನ ಮಾತ್ರವೇ?

ಶಾಲೆಗೆ ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಚದುರಂಗದ ಮಣೆ ಹೊರಬರುತ್ತದೆ. ಮೊದಲು ಅಣ್ಣನನ್ನು ಸೋಲಿಸಿದ ಮಗು ಆಮೇಲೆ ಚಿಕ್ಕಪ್ಪನನ್ನೂ ಸೋಲಿಸುತ್ತದೆ. ಶಾಲೆಯಿಂದ ಬಹುಮಾನ ತರುತ್ತದೆ. "ಎಂಥಾ ತಲೆ ಇವನದು!" ಎಂದು ನೆಂಟರಿಷ್ಟರೆಲ್ಲ ಹೊಗಳುತ್ತಾರೆ. ಅದೇ ಮಗು ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋಗಿ ಒಂದರ ಮೇಲೊಂದು ಆಟ ಸೋತು ಬಂದಾಗ ಮನೆಯವರ ಮಾತು ಬದಲಾಗುತ್ತದೆ. "ಇದೆಲ್ಲ ನಮ್ಮಂಥವರಿಗಲ್ಲ, ಓದಿನ ಕಡೆ ಗಮನ ಕೊಡು" ಎಂದುಬಿಡುತ್ತೇವೆ.

ಸಹೋದರಿಯರೇ, ಆ ತೀರ್ಪು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಚೆನ್ನಾಗಿ ಆಡುವವರಿಗೂ ಜಗತ್ತಿನ ಅತ್ಯುತ್ತಮ ಆಟಗಾರರಿಗೂ ಇರುವ ವ್ಯತ್ಯಾಸವಾದರೂ ಏನು?

ದೊಡ್ಡ ಆಟಗಾರರು ಇಪ್ಪತ್ತು ಮೂವತ್ತು ನಡೆಗಳನ್ನು ಮುಂದಾಗಿಯೇ ಲೆಕ್ಕ ಹಾಕುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ನೆದರ್‌ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಇದನ್ನು ಪರೀಕ್ಷಿಸಿ ನೋಡಿದರು. ಆಟಗಾರರ ಮುಂದೆ ಮಣೆಯಿಟ್ಟು, ಮನಸ್ಸಿನಲ್ಲಿ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಯೋಚಿಸಲು ತಿಳಿಸಿದರು. 1946ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅಚ್ಚರಿ ಹುಟ್ಟಿಸಿತು. ಶ್ರೇಷ್ಠ ಆಟಗಾರರು ಉಳಿದವರಿಗಿಂತ ಅಷ್ಟೇನೂ ಹೆಚ್ಚು ದೂರ ಲೆಕ್ಕ ಹಾಕಿರಲಿಲ್ಲ. ಆದರೆ ಒಳ್ಳೆಯ ನಡೆ ಅವರ ಕಣ್ಣಿಗೆ ಮೊದಲೇ ಬಿದ್ದಿತ್ತು. ಉಳಿದವರು ಬೇಡದ ದಾರಿಗಳಲ್ಲಿ ಅಲೆದು ಹೊತ್ತು ಕಳೆದಿದ್ದರು.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇನ್ನೊಂದು ಪರೀಕ್ಷೆ ನಡೆಸಿದರು. ನಿಜವಾಗಿ ಆಡಿದ ಆಟವೊಂದರ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ನುರಿತ ಆಟಗಾರ ಹೆಚ್ಚಿನ ಕಾಯಿಗಳನ್ನು ಮತ್ತೆ ಸರಿಯಾದ ಮನೆಯಲ್ಲಿಟ್ಟರೆ, ಹೊಸಬ ನಾಲ್ಕೈದರಲ್ಲೇ ತಡವರಿಸಿದ. ಆಮೇಲೆ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರು. ಈಗ ಇಬ್ಬರೂ ಹೆಚ್ಚುಕಡಿಮೆ ಒಂದೇ! ಅಂದರೆ ಆ ನುರಿತವನಿಗೆ ಇದ್ದುದು ಅಸಾಧಾರಣ ನೆನಪಿನ ಶಕ್ತಿಯಲ್ಲ, ವರ್ಷಗಟ್ಟಲೆ ನೋಡಿ ನೋಡಿ ಆದ ಪರಿಚಯ.

ಇದು ನಮಗೆ ಹೊಸ ವಿಷಯವೇನಲ್ಲ. ಹಾಫಿಝರ ಮುಂದೆ ಯಾರಾದರೂ ಒಂದಕ್ಷರ ತಪ್ಪಿ ಓದಿದರೆ ಅವರು ಅಲ್ಲೇ ತಡೆಯುತ್ತಾರೆ. ತಪ್ಪನ್ನು ಅವರು ಹುಡುಕುವುದಿಲ್ಲ, ಕಿವಿಯೇ ಹೇಳುತ್ತದೆ. ಮಸಾಲೆ ಹದವಾಗಿ ಹುರಿದಿದೆಯೆಂದು ನಿಮಗೆ ಗಡಿಯಾರ ಹೇಳುತ್ತದೆಯೇ? ವಾಸನೆಯಲ್ಲೇ ತಿಳಿಯುತ್ತದೆ. ಅಂಥದೇ ಅನುಭವ ಚದುರಂಗದಲ್ಲಿ ಕಣ್ಣಿಗೆ ಬರುತ್ತದೆ.

ಗ್ರ್ಯಾಂಡ್‌ಮಾಸ್ಟರ್ ಎನಿಸಿಕೊಳ್ಳಲು 2500 ರೇಟಿಂಗ್ ಅಂಕ ಮುಟ್ಟಬೇಕು. ಜೊತೆಗೆ ನಿಗದಿತ ಮಟ್ಟದ ಸಾಧನೆಯನ್ನು ಸಾಮಾನ್ಯವಾಗಿ ಮೂರು ಬಾರಿ ತೋರಿಸಬೇಕು. 2700 ದಾಟಿದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಇನ್ನೂರು ಅಂಕಗಳ ಅಂತರವೆಂದರೆ, ಲೆಕ್ಕದ ಪ್ರಕಾರ, ಮೇಲಿನವರಿಗೆ ನಾಲ್ಕು ಆಟಗಳಲ್ಲಿ ಸುಮಾರು ಮೂರು ಅಂಕ ಸಿಗುತ್ತದೆ. ಇಬ್ಬರೂ ಗ್ರ್ಯಾಂಡ್‌ಮಾಸ್ಟರ್‌ಗಳೇ ಆಗಿದ್ದರೂ ಇಷ್ಟು ಅಂತರವೇಕೆ?

2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ನಡೆದುದನ್ನು ನೋಡಿ. ವಿಶ್ವ ಚಾಂಪಿಯನ್ ಡಿಂಗ್ ಲಿರೆನ್ ಮತ್ತು ಹದಿನೆಂಟು ವರ್ಷದ ನಮ್ಮ ದೇಶದ ಗುಕೇಶ್ ತಲಾ ಆರೂವರೆ ಅಂಕ ಗಳಿಸಿ ಹದಿನಾಲ್ಕನೆಯ, ಅಂದರೆ ಕೊನೆಯ ಆಟಕ್ಕೆ ಕುಳಿತಿದ್ದರು. ಆಟ ಸಮಬಲದಲ್ಲಿ ಮುಗಿಯುವುದೆಂದೇ ಬಹುತೇಕರ ಎಣಿಕೆ. ಗುಕೇಶ್ ಬಳಿ ಇದ್ದುದು ಒಂದೇ ಒಂದು ಕಾಲಾಳಿನ ಮೇಲುಗೈ. ಆದರೂ ಅವರು ಬಿಡದೆ ಆಡುತ್ತಲೇ ಹೋದರು. ಐವತ್ತೈದನೆಯ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಸರಿಸಿದರು. ಗುಕೇಶ್ ಆ ಅವಕಾಶವನ್ನು ಕೈಬಿಡಲಿಲ್ಲ. ಮೂರು ವಾರಗಳ ದಣಿವಿನ ನಂತರವೂ ಗಮನ ಕದಲದಿರುವುದು, ಬೇಸರದ ಆಟದಲ್ಲೂ ತಾಳ್ಮೆ ಕೆಡದಿರುವುದು, ತಪ್ಪು ಕಡಿಮೆ ಮಾಡುವುದು, ಅತ್ಯುನ್ನತ ಮಟ್ಟದಲ್ಲಿ ಇವುಗಳಿಗೇ ಬೆಲೆ.

ಇನ್ನೊಂದು ವ್ಯತ್ಯಾಸವನ್ನು ಮಣೆಯ ಮೇಲೆ ಕಾಣಲಾಗದು. ಅದು ಅವಕಾಶ. ಮೈಸೂರಿಗೆ ಚದುರಂಗ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಬಾರಿ ನಡೆಸುವ ಬಗೆಗಳನ್ನು ರಚಿಸಿದವರು. ಆದರೂ ಭಾರತಕ್ಕೆ 1988ರಲ್ಲಿ ವಿಶ್ವನಾಥನ್ ಆನಂದ್ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ ಕರ್ನಾಟಕ ತನ್ನ ಮೊದಲಿಗನಿಗಾಗಿ 2017ರವರೆಗೆ ಕಾಯಬೇಕಾಯಿತು. ಆಗ ಆ ಗೌರವ ಪಡೆದವರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ಗುಕೇಶ್ ಹನ್ನೆರಡರಲ್ಲೇ ಏರಿದ ಮೆಟ್ಟಿಲನ್ನು ತೇಜ್‌ಕುಮಾರ್ ಮೂವತ್ತು ದಾಟಿದ ಮೇಲೆ ಏರಿದರು. ಇಷ್ಟು ವರ್ಷ ಬಿಡದೆ ಹಿಡಿದುದು ಸಣ್ಣ ಮಾತೇ? ಮೈಸೂರು ನಗರದ ಆಟಗಾರನಿಗೇ ಇಷ್ಟು ಕಾಲ ಹಿಡಿದ ಮೇಲೆ, ನಂಜನಗೂಡಿನ ಆಚೆ ಹೆಮ್ಮರಗಾಲದಂಥ ಹಳ್ಳಿಯ ಮಗು ಒಂದು ಪಂದ್ಯ ಸೋತಿತೆಂದು ಅದರ ತಲೆಯನ್ನು ಅಳೆಯುವುದು ನ್ಯಾಯವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ನಿಜ. ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ತನ್ನ ಯಜಮಾನ ಸರ್ ಉಮರ್ ಹಯಾತ್ ಖಾನರೊಂದಿಗೆ ಇಂಗ್ಲೆಂಡಿಗೆ ಹೋಗಿ ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಆದರು. ಪುಸ್ತಕ ಓದಿ ಕಲಿತವರಲ್ಲ, ಹಾಗಾಗಿ ಆಟದ ಆರಂಭದಲ್ಲೇ ಹಿಂದೆ ಬೀಳುತ್ತಿದ್ದರು. ಆದರೂ ಮಾಜಿ ವಿಶ್ವ ಚಾಂಪಿಯನ್ ಕಾಪಬ್ಲಾಂಕಾರನ್ನು ಸೋಲಿಸಿದರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಿಕ್ಕಿದ್ದು ಮರಣಾನಂತರ, 2024ರಲ್ಲಿ. ಅದೇ ಯಜಮಾನರ ಮನೆಯಲ್ಲಿದ್ದ ಫಾತಿಮಾ ಎಂಬ ಯುವತಿ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು! ಊರಿಗೆ ಮರಳಿದ ಮೇಲೆ ಚದುರಂಗದ ಇತಿಹಾಸದಲ್ಲಿ ಅವರ ಹೆಸರು ಮತ್ತೆ ಕೇಳಿಬರಲಿಲ್ಲ. 2002ರಲ್ಲಿ ಹದಿನೈದರ ಕೊನೇರು ಹಂಪಿ ಗ್ರ್ಯಾಂಡ್‌ಮಾಸ್ಟರ್ ಆದರು. 2025ರಲ್ಲಿ ದಿವ್ಯಾ ದೇಶಮುಖ್ ಫೈನಲ್‌ನಲ್ಲಿ ಆ ಹಂಪಿಯವರನ್ನೇ ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದರು. ಇವರ ಬೆನ್ನಿಗೆ ಮನೆಯವರಿದ್ದರು.

ನೀವೇನು ಮಾಡಬಹುದು? ಮಗು ಆಡಿದ ಆಟದ ನಡೆಗಳನ್ನು ಬರೆದಿಡಲು ಹೇಳಿ. ಸೋತು ಬಂದಾಗ "ಯಾಕೆ ಸೋತೆ?" ಎಂದು ಗದರಿಸುವ ಬದಲು "ಎಲ್ಲಿ ತಪ್ಪಿತು, ತೋರಿಸು" ಎನ್ನಿ. ಕಂಪ್ಯೂಟರ್ ತಪ್ಪು ತೋರಿಸುವ ಮೊದಲು ಮಗುವೇ ಅದನ್ನು ಹುಡುಕಲಿ. ಮೊಬೈಲಿನ ಅವಸರದ ನೂರು ಆಟಗಳಿಗಿಂತ ನಿಧಾನವಾಗಿ ಆಡಿ ಪರಿಶೀಲಿಸಿದ ಒಂದು ಆಟ ಹೆಚ್ಚು ಕಲಿಸುತ್ತದೆ. ಅಣ್ಣನಿಗೆ ಕೊಟ್ಟ ಬಸ್ಸಿನ ಹಣವನ್ನು ತಂಗಿಗೂ ಕೊಡಿ.

ಚದುರಂಗದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಹಣ ಪಣಕ್ಕಿಡುವುದು, ಆಟದ ಗುಂಗಿನಲ್ಲಿ ನಮಾಝ್ ತಪ್ಪಿಸುವುದು ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. ಆಡಲು ಬಿಡುವುದಾದರೆ ಈ ಎಲ್ಲೆ ಮೊದಲ ದಿನವೇ ಮಗುವಿಗೆ ತಿಳಿದಿರಲಿ.

ಎಲ್ಲ ಮಕ್ಕಳೂ ಗ್ರ್ಯಾಂಡ್‌ಮಾಸ್ಟರ್ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಆದರೆ ತನ್ನ ತಪ್ಪನ್ನು ತಾನೇ ಕಂಡುಕೊಂಡು, ಅಳದೆ ಮತ್ತೆ ಕಾಯಿ ಜೋಡಿಸುವ ಮಗು ಓದಿನಲ್ಲೂ ಬಾಳಿನಲ್ಲೂ ಹಿಂದೆ ಬೀಳದು.