ಫುಲ್ ಚಾರ್ಜ್ ಅಂದರೆ ಎಷ್ಟು?

ಮಿನಿ ಪ್ರಾಜೆಕ್ಟ್ ದಿನ ಸರ್ ನಮ್ಮ ಟೇಬಲ್ ಹತ್ತಿರ ಬರುವಷ್ಟರಲ್ಲಿ ಮೋಟರ್ ಗಾಡಿ ಮಲಗಿಬಿಟ್ಟಿತ್ತು. ಬೆಳಿಗ್ಗೆಯಷ್ಟೇ ಮಲ್ಟಿಮೀಟರ್ 4.2 ವೋಲ್ಟ್ ತೋರಿಸಿತ್ತು, ಅಂದರೆ ಫುಲ್ ಚಾರ್ಜ್! ಅಗ್ಗಕ್ಕೆ ಸಿಕ್ಕಿತೆಂದು ತಂದಿದ್ದ 18650 ಲಿಥಿಯಂ ಸೆಲ್ ಮೇಲೆ 9900 ಎಂಎಎಚ್ ಎಂದು ಅಚ್ಚಾಗಿತ್ತು.

ಆ ರಾತ್ರಿ ಯಲಹಂಕದ ರೂಮಿನಲ್ಲಿ ಮತ್ತೆ ಚಾರ್ಜ್ ಮಾಡಿ, ಅರ್ಧ ಆಂಪಿಯರ್‌ನಷ್ಟು ಎಳೆಯುವ 7.5 ಓಮ್ ರೆಸಿಸ್ಟರ್ ಜೋಡಿಸಿ, ಹತ್ತು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದುಕೊಂಡೆ. ಮುಟ್ಟಿ ಬೆರಳು ಸುಟ್ಟುಕೊಂಡಿದ್ದು ಬೇರೆ! ಎರಡೇ ಗಂಟೆಗೆ 3 ವೋಲ್ಟ್‌ಗೆ ಇಳಿಯಿತು. ಅಂದರೆ ಸುಮಾರು 1000 ಎಂಎಎಚ್. ಈ ಗಾತ್ರದ ಒಳ್ಳೆಯ ಸೆಲ್‌ಗಳೂ ಸಾಮಾನ್ಯವಾಗಿ 3500 ದಾಟುವುದಿಲ್ಲ. ತಾರಸಿಯ ಟ್ಯಾಂಕ್ ತುಂಬಿದೆ ಎಂದು ಹಿಗ್ಗಿದ್ದೆ, ಅದು ಬಕೆಟ್‌ನಷ್ಟೇ ಇತ್ತು.

ಹೊಸ ಸೆಲ್ ಲೇಬಲ್ 2600 ಎನ್ನುತ್ತಿದೆ. ಪರೀಕ್ಷೆ ನಡೀತಿದೆ. ನಾಲ್ಕು ಗಂಟೆಯಾಯಿತು, ಇನ್ನೂ 3.5 ವೋಲ್ಟ್ ಇದೆ.