ಸ್ಪರ್ಶಕ್ಕೆ ಬೆಲೆ ಎಷ್ಟು?

ಮೋರಟಗಿಯಲ್ಲಿ ತೊಗರಿ ರಾಶಿ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡ ಕೂಲಿಯೊಬ್ಬನ ಕಡತ, ನಾನು ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದಿತ್ತು. 1923ರ ಪರಿಹಾರ ಕಾಯ್ದೆ ಹಸ್ತದ ನಷ್ಟವನ್ನು ಗಳಿಕೆಯ ಸಾಮರ್ಥ್ಯದ ಶೇ 60ರಷ್ಟು ನಷ್ಟವೆಂದು ಎಣಿಸುತ್ತಿತ್ತು. ಕಡತ ಮುಗಿಯಿತು. 'ಕಾಳ ಹಸಿ ಐತೋ ಒಣಗೇತೋ ಅಂತ ಈ ಕೈಗೇ ತಿಳೀತಿತ್ರಿ ಸಾಹೇಬ್ರ' ಎಂದ ಆತನ ಮಾತು ಮಾತ್ರ ಇಂದಿಗೂ ಮುಗಿದಿಲ್ಲ.

ಮನುಷ್ಯನ ಒಂದು ಹಸ್ತದಲ್ಲಿ ಸುಮಾರು 17,000 ಸ್ಪರ್ಶಗ್ರಾಹಕಗಳಿವೆ. ಈಗ ಯಂತ್ರದ ಬೆರಳಿಗೂ ಆ ಅರಿವು ಬರುತ್ತಿದೆ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ 'ಜೆಲ್‌ಸೈಟ್' ಸಂವೇದಕದಲ್ಲಿ ಮೆದುವಾದ ಪದರವೊಂದು ವಸ್ತುವಿಗೆ ತಗುಲಿ ತಗ್ಗುತ್ತದೆ. ಒಳಗಿನ ಕ್ಯಾಮೆರಾ ಆ ತಗ್ಗುದಿಣ್ಣೆಗಳನ್ನು ಓದುತ್ತದೆ. ಕೃತಕ ಕೈಯಲ್ಲಾದರೆ ಇಷ್ಟು ಸಾಲದು. ಆ ಸಂಕೇತ ಕಂಪನವಾಗಿಯೋ ನರದ ಮೂಲಕವೋ ಧರಿಸಿದವನನ್ನೂ ತಲುಪಬೇಕು.

ಅರ್ಥಶಾಸ್ತ್ರದಲ್ಲಿ ಅಗತ್ಯವೇ ಬೇರೆ, ಬೇಡಿಕೆಯೇ ಬೇರೆ. ಕೊಳ್ಳುವ ಶಕ್ತಿಯಿದ್ದರಷ್ಟೇ ಅದು ಬೇಡಿಕೆ. ಮಾರುಕಟ್ಟೆಗೆ ಬಿಟ್ಟರೆ ಸ್ಪರ್ಶವುಳ್ಳ ಕೈ ಕಾರ್ಖಾನೆಯ ರೋಬಾಟಿಗೆ ಮೊದಲು ದಕ್ಕುತ್ತದೆ, ಕೂಲಿಗೆ ಕೊನೆಗೆ. 1968ರ ಜೈಪುರ ಕಾಲು ಬೇರೆ ದಾರಿ ತೋರಿತ್ತು: ಬರಿಗಾಲಲ್ಲಿ ಹೊಲ ತುಳಿಯುವವನನ್ನೇ ಮನಸ್ಸಿನಲ್ಲಿಟ್ಟು ಅದನ್ನು ರೂಪಿಸಲಾಗಿತ್ತು. ಕೈಯ ವಿಷಯದಲ್ಲೂ ಸರ್ಕಾರ ಆ ದಾರಿ ಹಿಡಿಯಲಿ. ಶೇ 60ರ ಲೆಕ್ಕಕ್ಕೆ ಅಂದು ಸಹಿ ಹಾಕಿದ ಕೈ ಇದನ್ನು ಬರೆಯುತ್ತಿದೆ.