ಡಿಸ್ಕ್ ಕಂಟ್ರೋಲರ್ ತನ್ನ ಪರಿಚಯ ಹೇಳುವ ಬಗೆ

ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕಲು ಕೂತವರಿಗೆ ಕೆಲವೊಮ್ಮೆ ಗಾಬರಿಯಾಗುವುದುಂಟು. ಒಳಗೆ ಎಸ್‌ಎಸ್‌ಡಿ ಇದೆ, ಪರದೆಯಲ್ಲಿ ಮಾತ್ರ ಒಂದು ಡಿಸ್ಕೂ ಕಾಣುವುದಿಲ್ಲ. ತಂತ್ರಾಂಶ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. ಕಂಟ್ರೋಲರ್ ಎಂಬ ಚಿಪ್‌ಗೆ ಆಜ್ಞೆ ಕೊಟ್ಟು ಓದಿಸುತ್ತದೆ, ಬರೆಸುತ್ತದೆ. ಆ ಕಂಟ್ರೋಲರ್ ಯಾವ ಬಗೆಯದೆಂದು ತಿಳಿಯದಿದ್ದರೆ ಅದರ ಹಿಂದಿನ ಡಿಸ್ಕ್ ಇದ್ದೂ ಇಲ್ಲದಂತೆ.

1980ರ ದಶಕದ ಪಿಸಿಗಳಲ್ಲಿ ಈ ಗುರುತು ಹಿಡಿಯುವುದು ಊಹೆಯ ಕೆಲಸವಾಗಿತ್ತು. ಕಂಟ್ರೋಲರ್ ಇಂಥ ವಿಳಾಸದಲ್ಲಿ ಇರಬಹುದೆಂದು ನಂಬಿ ತಂತ್ರಾಂಶ ಅಲ್ಲಿಗೆ ಏನೋ ಬರೆದು, ಉತ್ತರಕ್ಕೆ ಕಾಯುತ್ತಿತ್ತು. ಅಲ್ಲಿ ಬೇರೆ ಕಾರ್ಡ್ ಇದ್ದರೆ ಇಡೀ ಯಂತ್ರವೇ ಸ್ತಬ್ಧವಾಗುವ ಅಪಾಯವಿತ್ತು. 1992ರಲ್ಲಿ ಇಂಟೆಲ್ ಹೊರತಂದ, ಸಾಧನಗಳನ್ನು ಪಿಸಿಗೆ ಜೋಡಿಸುವ ಪಿಸಿಐ ಪದ್ಧತಿ ಈ ತೊಡಕನ್ನು ಬಿಡಿಸಿತು. ಪ್ರತಿ ಸಾಧನವೂ 256 ಬೈಟ್‌ಗಳ ಒಂದು ಜಾಗದಲ್ಲಿ, ಎಲ್ಲರೂ ಒಪ್ಪಿದ ಕ್ರಮದಲ್ಲಿ ತನ್ನ ಪರಿಚಯ ಇಟ್ಟಿರಬೇಕು. ಮೊದಲ ಎರಡು ಬೈಟ್ ತಯಾರಕರ ಸಂಖ್ಯೆ. ಇಂಟೆಲ್‌ನದು 8086, ಅದರ 1978ರ ಪ್ರೊಸೆಸರ್‌ನ ಹೆಸರೇ. ಮುಂದಿನ ಎರಡು ಮಾದರಿಯ ಸಂಖ್ಯೆ. ಓದಿದಾಗ ಬಿಟ್‌ಗಳೆಲ್ಲ 1 ಎಂದೇ ಬಂದರೆ ಅಲ್ಲಿ ಯಾವ ಸಾಧನವೂ ಇಲ್ಲ.

ಇನ್ನೂ ಉಪಕಾರಿಯಾದದ್ದು ಮೂರು ಬೈಟ್‌ಗಳ ವರ್ಗಸಂಕೇತ. ಪಿನ್‌ಕೋಡ್‌ನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪ್ರದೇಶ ಕಿರಿದಾಗುವ ಹಾಗೆ ಇಲ್ಲಿ ಬಗೆ ಖಚಿತವಾಗುತ್ತ ಹೋಗುತ್ತದೆ. ಮೊದಲ ಬೈಟ್ 01 ಎಂದರೆ ಸಂಗ್ರಹ ಸಾಧನ. ಎರಡನೆಯದು 01 ಆದರೆ ಐಡಿಇ, 04 ಆದರೆ ರೇಡ್, 06 ಆದರೆ ಸಾಟಾ, 08 ಆದರೆ ಫ್ಲ್ಯಾಶ್‌ನಂಥ ಅಳಿಯದ ಮೆಮೊರಿ. ಮೂರನೆಯದು ಯಾವ ಪದ್ಧತಿಯಲ್ಲಿ ಆಜ್ಞೆ ಕೊಡಬೇಕೆಂಬುದನ್ನು ಹೇಳುತ್ತದೆ: 010601 ಎಂದರೆ ಎಎಚ್‌ಸಿಐ, 010802 ಎಂದರೆ ಎನ್‌ವಿಎಂಇ. ಲಿನಕ್ಸ್‌ನ ಎಎಚ್‌ಸಿಐ ಡ್ರೈವರ್, ಅಂದರೆ ಕಂಟ್ರೋಲರನ್ನು ನಡೆಸುವ ತಂತ್ರಾಂಶ, ತನಗೆ ಗೊತ್ತಿರುವ ಚಿಪ್‌ಗಳನ್ನು ಒಂದೊಂದಾಗಿ ಪಟ್ಟಿಮಾಡಿ, ಕೊನೆಯಲ್ಲಿ 010601 ಎನ್ನುವ ಯಾವುದನ್ನಾದರೂ ಒಪ್ಪಿಕೊಳ್ಳುತ್ತದೆ. ಹೀಗಾಗಿ ಡ್ರೈವರ್ ಬರೆದ ಮೇಲೆ ಹುಟ್ಟಿದ ಚಿಪ್ ಕೂಡ ಅದರಿಂದಲೇ ನಡೆಯಬಲ್ಲದು. ಆದರೆ ಯಂತ್ರವನ್ನು ಶುರುಮಾಡುವ ತಂತ್ರಾಂಶವಾದ ಬಯೋಸ್‌ನಲ್ಲಿ ರೇಡ್ ಆಯ್ಕೆಯಾಗಿದ್ದರೆ ಕಂಟ್ರೋಲರ್ 06ರ ಬದಲು 04 ಎಂದು ಹೇಳಿಕೊಳ್ಳುತ್ತದೆ. ಆಗ ತಯಾರಕರ ಪ್ರತ್ಯೇಕ ಡ್ರೈವರ್ ಬೇಕು. ಇನ್‌ಸ್ಟಾಲರ್‌ನಲ್ಲಿ ಅದು ಇಲ್ಲದಿದ್ದರೆ ಡಿಸ್ಕ್ ಮಾಯ.

ಬಗೆ ತಿಳಿದ ಮೇಲೆ ಸಾಮರ್ಥ್ಯದ ವಿಚಾರಣೆ. ಎಎಚ್‌ಸಿಐ ಕಂಟ್ರೋಲರ್‌ನ ಮೊದಲ ರಿಜಿಸ್ಟರ್‌ನಲ್ಲೇ ಎಷ್ಟು ಪೋರ್ಟ್‌ಗೆ ಅವಕಾಶ, ಎಷ್ಟು ವೇಗ, ಒಂದು ಪೋರ್ಟ್‌ನಲ್ಲಿ ಎಷ್ಟು ಆಜ್ಞೆಗಳು ಒಟ್ಟಿಗೆ ಕಾಯಬಹುದು ಎಂಬ ವಿವರವಿದೆ. ಆಜ್ಞೆಗಳ ಮಿತಿ 32. ಎನ್‌ವಿಎಂಇಯಲ್ಲಿ ಕಂಟ್ರೋಲರ್ ಎಸ್‌ಎಸ್‌ಡಿಯ ಒಳಗೇ ಇರುತ್ತದೆ. ಕೇಳಿದರೆ 4096 ಬೈಟ್‌ಗಳ ಉತ್ತರ ಕೊಡುತ್ತದೆ. ಸಾಟಾ ಡಿಸ್ಕ್ ಕೊಡುವ ಉತ್ತರ 512 ಬೈಟ್. ಅದರಲ್ಲಿ ತಿರುಗುವ ವೇಗಕ್ಕೊಂದು ಜಾಗ: 7200 ಎಂದಿದ್ದರೆ ನಿಮಿಷಕ್ಕೆ ಅಷ್ಟು ಸುತ್ತು ಹೊಡೆಯುವ ಹಾರ್ಡ್ ಡಿಸ್ಕ್, 1 ಎಂದಿದ್ದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ.

ಹೇಳಿಕೊಂಡದ್ದೆಲ್ಲ ನಿಜವಾಗಿರುವುದಿಲ್ಲ. ಅಳಿಸಿದ ಕಡತಗಳ ಜಾಗವನ್ನು ತೆರವು ಮಾಡುವ ಟ್ರಿಮ್ ಆಜ್ಞೆಯನ್ನು ಸರದಿಯಲ್ಲಿ ಸ್ವೀಕರಿಸುತ್ತೇನೆಂದು ಹೇಳಿಕೊಂಡ ಕೆಲವು ಎಸ್‌ಎಸ್‌ಡಿಗಳು ಆ ಕೆಲಸದಲ್ಲಿ ಎಡವಿದವು. ಅದಕ್ಕೇ ಲಿನಕ್ಸ್ ಕರ್ನೆಲ್‌ನಲ್ಲಿ ಮಾದರಿಯ ಹೆಸರು ನೋಡಿ ಅಂಥ ಸೌಲಭ್ಯವನ್ನು ಮುಚ್ಚುವ ಪಟ್ಟಿಯೊಂದಿದೆ. ಸಾಧನದ ಮಾತನ್ನು ನಂಬಿ, ಅದು ತಪ್ಪಿದ ಕಡೆ ಅನುಭವವನ್ನು ಬರೆದಿಡುವ ಈ ಶಿಸ್ತಿನಿಂದಲೇ ನಮ್ಮ ಫೋಟೋ, ದಾಖಲೆ, ಲೆಕ್ಕಪತ್ರಗಳು ಸುರಕ್ಷಿತವಾಗಿವೆ. ಆ ಪಟ್ಟಿ ಯಾರು ಬೇಕಾದರೂ ಓದಬಹುದಾದ ಕೋಡ್‌ನಲ್ಲಿರುವುದರಿಂದ, ಒಬ್ಬ ಎಂಜಿನಿಯರ್ ಕಂಡುಹಿಡಿದ ದೋಷದಿಂದ ಎಲ್ಲರ ಡಿಸ್ಕಿಗೂ ರಕ್ಷಣೆ ಸಿಗುತ್ತದೆ.